‘ನರ ಹಿಡ್ಕಂಡದೆ’ ಎಂದವರ ಕಾಲು: ಸ್ನಾಯು, ನರ, ರಕ್ತನಾಳ ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಯಾವ ಆರೋಗ್ಯ ಕೇಂದ್ರದಲ್ಲಿ ಕೂತರೂ ‘ಕಾಲಿನ ನರ ಹಿಡ್ಕಂಡದೆ’ ಎನ್ನುವ ಮಾತು ದಿನಕ್ಕೆ ನಾಲ್ಕಾರು ಸಲ ಕಿವಿಗೆ ಬೀಳುತ್ತದೆ. ನಮ್ಮ ಆಡುಮಾತಿನಲ್ಲಿ ‘ನರ’ ಒಂದೇ ಅಲ್ಲ. ಉಬ್ಬಿ ನೀಲಿಗಟ್ಟಿದ ಅಭಿಧಮನಿಯೂ (ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳ) ನರ, ಹಿಮ್ಮಡಿಯ ಮೇಲಿನ ಗಟ್ಟಿ ಹುರಿಯೂ ನರ, ರಾತ್ರಿ ಮೀನಖಂಡ ಸೆಟೆದುಕೊಂಡರೂ ನರ, ಪಾದ ಜೋಮು ಹಿಡಿದರೂ ನರ. ರೋಗಿ ಹೇಳುವುದು ತಪ್ಪಲ್ಲ. ತೊಂದರೆ ಸ್ನಾಯುವಿನದೋ, ನಿಜವಾದ ನರದ್ದೋ, ರಕ್ತನಾಳದ್ದೋ ಎಂದು ಬೇರ್ಪಡಿಸುವುದು ಪರೀಕ್ಷಿಸುವವರ ಕೆಲಸ. ಪ್ರಾಥಮಿಕ ಆರೋಗ್ಯ ಕೇಂದ್ರದ ಕಿರಿಯ ವೈದ್ಯರು, ಫಿಸಿಯೋಥೆರಪಿ ಮತ್ತು ನರ್ಸಿಂಗ್ ವಿದ್ಯಾರ್ಥಿಗಳು ಮಂಡಿಯಿಂದ ಕೆಳಗಿನ ಕಾಲನ್ನು ಕ್ರಮವಾಗಿ ನೋಡುವ ಬಗೆಯನ್ನು ಇಲ್ಲಿ ಬರೆದಿದೆ. ಕೈ ಪಳಗಿದ ಮೇಲೆ ಇಷ್ಟಕ್ಕೂ ಹದಿನೈದು ನಿಮಿಷ ಸಾಕು.

ಮೊದಲಿಗೆ ಏನು ಬೇಕು

ಅಳತೆ ಟೇಪು, ರಿಫ್ಲೆಕ್ಸ್ (ಹುರಿ ತಟ್ಟಿದಾಗ ತಾನಾಗಿ ಬರುವ ಮಿಡುಕು) ನೋಡುವ ಸುತ್ತಿಗೆ, 128 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್ (ಕಂಪನದ ಅರಿವು ನೋಡಲು), 10 ಗ್ರಾಂ ಮೋನೋಫಿಲಮೆಂಟ್ (ಅಷ್ಟು ಒತ್ತಡಕ್ಕೆ ಬಾಗುವ ನೈಲಾನ್ ಎಳೆ, ಸ್ಪರ್ಶ ನೋಡಲು), ಹತ್ತಿ, ಒಬ್ಬರಿಗೆ ಒಂದೇ ಸಲ ಬಳಸಿ ಬಿಸಾಡುವ ಮೊಂಡು ಪಿನ್ನು, ಬಿ.ಪಿ. ಉಪಕರಣ, ಚರ್ಮದ ಮೇಲೆ ಬರೆಯುವ ಪೆನ್ನು. ಕೈಯಲ್ಲಿ ಹಿಡಿಯುವ 8 ಮೆಗಾಹರ್ಟ್ಸ್ ಡಾಪ್ಲರ್ (ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ ಉಪಕರಣ) ಇದ್ದರೆ ಬಹಳ ಒಳ್ಳೆಯದು. ಇಂಜೆಕ್ಷನ್ ಸೂಜಿಯನ್ನು ಪಿನ್ನಿನ ಬದಲು ಬಳಸಬೇಡಿ. ಅದು ಚರ್ಮ ಕೊಯ್ಯುತ್ತದೆ, ಸಕ್ಕರೆ ಕಾಯಿಲೆಯವರಲ್ಲಿ ಆ ಗಾಯವೇ ಹುಣ್ಣಾಗುತ್ತದೆ.

ಮಳೆಗಾಲದಲ್ಲಿ ಇನ್ನೊಂದು ಮಾತು. ಗದ್ದೆಯಿಂದ ನೇರ ಬಂದವರ ಪಾದ ತಣ್ಣಗೆ ಸುಕ್ಕುಗಟ್ಟಿರುತ್ತದೆ. ಆ ಸ್ಥಿತಿಯಲ್ಲಿ ನಾಡಿ, ಬಣ್ಣ, ಸ್ಪರ್ಶ ಮೂರೂ ಸುಳ್ಳು ಹೇಳುತ್ತವೆ. ಕಾಲು ತೊಳೆಸಿ, ಒರೆಸಿ, ಹತ್ತು ನಿಮಿಷ ಕಂಬಳಿ ಹೊದಿಸಿ ಕೂರಿಸಿ, ಆಮೇಲೆ ಮುಟ್ಟಿ. ಎರಡೂ ಕಾಲು ಮಂಡಿಯ ಮೇಲಿನವರೆಗೆ ಕಾಣಬೇಕು. ಸೀರೆ ಉಟ್ಟ ಅಜ್ಜಿಯರಿಗೆ ಪರದೆ ಎಳೆದು, ಜೊತೆಗೆ ಹೆಣ್ಣುಮಗಳೊಬ್ಬರನ್ನು ನಿಲ್ಲಿಸಿ, ‘ಅಮ್ಮಾ, ಎರಡೂ ಕಾಲು ಒಂದೇ ಸಮ ಅವೆಯಾ ನೋಡ್ಬೇಕು’ ಎಂದು ಹೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ಸೀರೆಯನ್ನು ಗೇಣುದ್ದ ಎತ್ತಿಸಿ ಒಂದೇ ಕಾಲು ನೋಡಿ ಕಳಿಸುವುದರಿಂದಲೇ ಎಷ್ಟೋ ತಪ್ಪುಗಳು ಆಗುತ್ತವೆ.

ನಡಿಗೆ ಮತ್ತು ಚಪ್ಪಲಿ

ಪರೀಕ್ಷೆ ಬಾಗಿಲಲ್ಲೇ ಶುರು. ಪಾದ ಜೋತುಬಿದ್ದವರು ಮಂಡಿ ಎತ್ತಿ ಎತ್ತಿ ಹೆಜ್ಜೆ ಹಾಕುತ್ತಾರೆ, ಪಾದ ನೆಲಕ್ಕೆ ಪಟ್ ಎಂದು ಬಡಿಯುತ್ತದೆ. ಮೀನಖಂಡ ಸೋತವರು ಮುಂಗಾಲು ಒತ್ತಿ ಮುಂದೆ ಚಿಮ್ಮಲಾರರು, ಹೆಜ್ಜೆ ಗಿಡ್ಡವಾಗುತ್ತದೆ. ಬಾತಿನಂತೆ ಹೊಯ್ದಾಡುವ ನಡಿಗೆ ಕಂಡರೆ ಕಾಲಿನ ನರ ಹುಡುಕುವ ಮೊದಲು ಸೊಂಟದ ಕೀಲು ತಿರುಗಿಸಿ ನೋಡಿ. 1970ರ ದಶಕದ ನಡುವೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಗಮನಕ್ಕೆ ಬಂದ, ವಂಶದಲ್ಲಿ ಇಳಿದುಬರುವ ಮೂಳೆ-ಕೀಲಿನ ಕಾಯಿಲೆ ಈ ಜಿಲ್ಲೆಯಲ್ಲಿದೆ. ಅಲ್ಲಿ ನರ ಸರಿಯಾಗಿಯೇ ಇರುತ್ತದೆ, ಸವೆಯುವುದು ಕೀಲು.

ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ, ತುದಿಗಾಲಲ್ಲಿ ಹತ್ತು ಹೆಜ್ಜೆ ನಡೆಸಿ. ಹಿಮ್ಮಡಿಯ ಮೇಲೆ ನಿಲ್ಲಲಾಗದಿದ್ದರೆ ಕಾಲಿನ ಮುಂಭಾಗದ ಸ್ನಾಯು (ಎಲ್4, ಎಲ್5), ತುದಿಗಾಲಲ್ಲಿ ನಿಲ್ಲಲಾಗದಿದ್ದರೆ ಮೀನಖಂಡ (ಎಸ್1, ಎಸ್2) ಸೋತಿದೆ. ಎಲ್, ಎಸ್ ಎಂದರೆ ಬೆನ್ನುಮೂಳೆಯ ಸೊಂಟದ ಭಾಗ ಮತ್ತು ಅದರ ಕೆಳಗಿನ ತ್ರಿಕಾಸ್ಥಿಯಿಂದ ಹೊರಡುವ ನರದ ಬೇರುಗಳು.

ಚಪ್ಪಲಿಯನ್ನು ಕೈಗೆತ್ತಿಕೊಂಡು ನೋಡಿ. ಪಾದ ಎಳೆಯುವವರ ಹವಾಯಿ ಚಪ್ಪಲಿಯ ತುದಿ ಒಂದೇ ಕಡೆ ಸವೆದಿರುತ್ತದೆ. ‘ಚಪ್ಪಲಿ ಎಲ್ಲಿ ಕಳಚಿತೋ ಗೊತ್ತೇ ಆಗಲಿಲ್ಲ’ ಎಂದರೆ ಅಂಗಾಲಿನ ಸ್ಪರ್ಶ ಹೋಗಿದೆ ಎಂದೇ ಹಿಡಿಯಿರಿ. ಅಂಥವರ ಪಾದದಲ್ಲಿ ನೋವಿಲ್ಲದ ಸುಟ್ಟಗಾಯ ಹುಡುಕಿ. ಆಷಾಢದ ಚಳಿಗೆ ಬಚ್ಚಲೊಲೆಯ ಮುಂದೆ ಕಾಲು ಚಾಚಿ ಕೂತು, ಬೊಕ್ಕೆ ಎದ್ದದ್ದು ಮರುದಿನ ಬೇರೆಯವರು ಹೇಳಿದಾಗ ತಿಳಿದಿರುತ್ತದೆ.

ನಿಲ್ಲಿಸಿ, ಮಲಗಿಸಿ ನೋಡುವುದು

ಉಬ್ಬಿದ ಅಭಿಧಮನಿ ನಿಂತಾಗ ಮಾತ್ರ ಚೆನ್ನಾಗಿ ಕಾಣುತ್ತದೆ. ಎರಡು ನಿಮಿಷ ನಿಲ್ಲಿಸಿ. ಒಳಹರಡಿನ (ಪಾದದ ಕೀಲಿನ ಒಳಗಂಟಿನ) ಮುಂದಿನಿಂದ ಕಾಲಿನ ಒಳಮೈಯಲ್ಲಿ ಮೇಲೇರುವುದು ಗ್ರೇಟ್ ಸಫೀನಸ್, ಹೊರಹರಡಿನ ಹಿಂದಿನಿಂದ ಮೀನಖಂಡದ ನಡುವೆ ಏರುವುದು ಸ್ಮಾಲ್ ಸಫೀನಸ್. ಒಳಹರಡಿನ ಮೇಲೆ ಚರ್ಮ ಕಂದಿ, ತುರಿಸಿ, ಗಟ್ಟಿಯಾಗಿದ್ದರೆ ಅದು ಅಭಿಧಮನಿಯ ಹಳೆಯ ಕಾಯಿಲೆ, ಅಲ್ಲೇ ಹುಣ್ಣು ಏಳುತ್ತದೆ. ಅಪಧಮನಿ (ಹೃದಯದಿಂದ ರಕ್ತ ತರುವ ನಾಳ) ಕಟ್ಟಿದ ಹುಣ್ಣು ಬೆರಳ ತುದಿಯಲ್ಲಿ, ಹಿಮ್ಮಡಿಯಲ್ಲಿ ಏಳುತ್ತದೆ, ವಿಪರೀತ ನೋಯುತ್ತದೆ. ನರ ಸತ್ತ ಪಾದದ ಹುಣ್ಣು ಹೆಬ್ಬೆರಳ ಬುಡದಂಥ ಒತ್ತಡದ ಜಾಗದಲ್ಲಿ, ಸುತ್ತ ಗಟ್ಟಿ ಚರ್ಮ ಕಟ್ಟಿಕೊಂಡು ಏಳುತ್ತದೆ, ನೋಯುವುದಿಲ್ಲ. ಬೆರಳ ಸಂದು ಬಿಡಿಸಿ ನೋಡಲು ಮರೆಯಬೇಡಿ. ನಾಟಿಯ ಕಾಲದಲ್ಲಿ ಕೆಸರುಹುಣ್ಣು ಅಲ್ಲಿರುತ್ತದೆ, ಕಾಲು ಕೆಂಪಗೆ ಊದಿ ಜ್ವರ ಬರುವುದಕ್ಕೆ ಸೋಂಕು ಒಳಹೊಕ್ಕ ಬಾಗಿಲು ಎಷ್ಟೋ ಸಲ ಅದೇ.

ಮಲಗಿಸಿದ ಮೇಲೆ ಅಳತೆ. ಮಂಡಿಚಿಪ್ಪಿನ ಕೆಳಗೆ ಕಣಕಾಲೆಲುಬಿನ ಮುಂದೆ ಬೆರಳಿಗೆ ಸಿಗುವ ಗುಬುಟಿನಿಂದ 10 ಸೆಂ.ಮೀ. ಕೆಳಗೆ ಪೆನ್ನಿನಲ್ಲಿ ಗುರುತು ಹಾಕಿ, ಎರಡೂ ಕಾಲಿನ ಸುತ್ತಳತೆ ಬರೆಯಿರಿ. ಟೇಪು ಚರ್ಮಕ್ಕೆ ತಾಗಿರಬೇಕು, ಅದುಮಬಾರದು. ಊದಿದ ಕಾಲು ಇನ್ನೊಂದಕ್ಕಿಂತ 3 ಸೆಂ.ಮೀ.ಗೂ ಹೆಚ್ಚು ದಪ್ಪವಿದ್ದರೆ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವ ಶಂಕೆ ಗಟ್ಟಿಯಾಗುತ್ತದೆ. ಇತ್ತೀಚೆಗೆ ಪ್ಲಾಸ್ಟರ್ ಹಾಕಿತ್ತೇ, ಮೂರು ದಿನ ಹಾಸಿಗೆ ಹಿಡಿದಿದ್ದರೇ, 12 ವಾರದೊಳಗೆ ದೊಡ್ಡ ಶಸ್ತ್ರಚಿಕಿತ್ಸೆ ಆಗಿತ್ತೇ, ಕ್ಯಾನ್ಸರ್ ಇದೆಯೇ, ಹಿಂದೆ ಹೀಗೇ ಆಗಿತ್ತೇ ಎಂದು ಕೇಳಿ. ಬಾಣಂತಿಯರಲ್ಲಿ ವಿಶೇಷ ಎಚ್ಚರ ಬೇಕು. ಪಾದವನ್ನು ಮೇಲಕ್ಕೆ ಮಡಚಿ ಮೀನಖಂಡ ನೋಯುತ್ತದೆಯೇ ಎಂದು ನೋಡುವ ಹೋಮನ್ಸ್ ಪರೀಕ್ಷೆಯನ್ನು ನಂಬಬೇಡಿ. ಹೆಪ್ಪು ಇದ್ದಾಗಲೂ ನೋಯದೆ ಇರಬಹುದು, ಇಲ್ಲದಾಗಲೂ ನೋಯಬಹುದು. ಶಂಕೆ ಬಂದ ಕಾಲಿಗೆ ಎಣ್ಣೆ ಹಚ್ಚಿ ನೀವಿಸಬಾರದು ಎಂದು ಮನೆಯವರಿಗೆ ಬಿಡಿಸಿ ಹೇಳಿ.

ಎರಡೂ ಕಾಲು ಸಮನಾಗಿ ಊದಿ, ಒತ್ತಿದರೆ ಗುಳಿ ಬೀಳುತ್ತಿದ್ದರೆ ಹೃದಯ, ಮೂತ್ರಪಿಂಡ, ಯಕೃತ್ತಿನ ಕಡೆ ನೋಡಿ. ಎರಡನೆಯ ಬೆರಳ ಬುಡದ ಮೇಲಿನ ಚರ್ಮವನ್ನು ಚಿವುಟಿ ಎತ್ತಲಾಗದಿದ್ದರೆ ಅದು ದುಗ್ಧರಸದ ಊತ. ಘಟ್ಟದ ಕೆಳಗೆ ಬಹಳ ವರ್ಷ ಇದ್ದವರಾದರೆ ಆನೆಕಾಲು ರೋಗವನ್ನೂ ನೆನೆಯಿರಿ.

ಸ್ನಾಯುಗಳು: ಒಂದೊಂದನ್ನೂ ಬೇರೆಯಾಗಿ ಹಿಡಿಯುವುದು

ಮಂಡಿಯ ಕೆಳಗೆ ಸ್ನಾಯುಗಳು ನಾಲ್ಕು ಕೋಣೆಗಳಲ್ಲಿವೆ: ಮುಂದೆ, ಹೊರಬದಿ, ಹಿಂದೆ ಮೇಲ್ಪದರ, ಹಿಂದೆ ಒಳಪದರ. ಬಲವನ್ನು 0ಯಿಂದ 5ರವರೆಗೆ ಬರೆಯುತ್ತೇವೆ. ಸೊನ್ನೆ ಎಂದರೆ ಅಲುಗಾಟವೇ ಇಲ್ಲ, 1 ಮಿಡುಕು ಮಾತ್ರ, 2 ಗುರುತ್ವದ ಭಾರ ತಪ್ಪಿಸಿದರೆ ಚಲನೆ, 3 ಗುರುತ್ವದ ವಿರುದ್ಧ ಎತ್ತುವಷ್ಟು, 4 ನಮ್ಮ ಒತ್ತಡವನ್ನು ಸ್ವಲ್ಪ ತಡೆಯುವಷ್ಟು, 5 ಪೂರ್ಣ. ಅಡಿಕೆ ಮರ ಹತ್ತುವವರ ಕಾಲಿನ 5ಕ್ಕೂ ಎಂಬತ್ತರ ಅಜ್ಜನ 5ಕ್ಕೂ ವ್ಯತ್ಯಾಸವಿದೆ. ಆದ್ದರಿಂದ ಹೋಲಿಕೆ ಯಾವಾಗಲೂ ಅದೇ ವ್ಯಕ್ತಿಯ ಇನ್ನೊಂದು ಕಾಲಿನ ಜೊತೆ.

ಮುಂದಿನ ಕೋಣೆಯಲ್ಲಿ ಟಿಬಿಯಾಲಿಸ್ ಆಂಟೀರಿಯರ್ ಮುಖ್ಯ. ‘ಪಾದ ಮೇಲಕ್ಕೆ, ಒಳಕ್ಕೆ ಎತ್ತಿ ಹಿಡೀರಿ’ ಎಂದು ಹೇಳಿ ಪಾದದ ಒಳ ಅಂಚಿನ ಮೇಲೆ ಕೆಳಕ್ಕೆ ಒತ್ತಿ. ಹರಡಿನ ಮುಂದೆ ಒಳಬದಿಗೆ ಅದರ ಹುರಿ ಎದ್ದು ಕಾಣುತ್ತದೆ. ಮುಂದೆ ಹೆಬ್ಬೆರಳೊಂದನ್ನೇ ಎತ್ತಿಸಿ ನಿಮ್ಮ ಒಂದು ಬೆರಳಿನಿಂದ ಒತ್ತಿ. ಇದು ಎಕ್ಸ್‌ಟೆನ್ಸರ್ ಹ್ಯಾಲುಸಿಸ್ ಲಾಂಗಸ್, ಎಲ್5ರ ಅತ್ಯುತ್ತಮ ಸಾಕ್ಷಿ. ಸೊಂಟದ ಡಿಸ್ಕ್ ಜಾರಿದವರಲ್ಲಿ ಎಷ್ಟೋ ಸಲ ಮೊದಲು ಸೋಲುವುದು ಈ ಹೆಬ್ಬೆರಳೇ. ಹೊರಕೋಣೆಯ ಪೆರೋನಿಯಸ್ ಲಾಂಗಸ್, ಬ್ರೆವಿಸ್ ನೋಡಲು ಪಾದವನ್ನು ಹೊರಕ್ಕೆ ತಿರುಗಿಸಿ ಹಿಡಿಯಲು ಹೇಳಿ ಹೊರ ಅಂಚಿನಿಂದ ಒಳಕ್ಕೆ ತಳ್ಳಿ.

ಮೀನಖಂಡವನ್ನು ಕೈಯಿಂದ ಅಳೆಯಲು ಹೋಗಬೇಡಿ. ಇಡೀ ಮೈ ಎತ್ತುವ ಸ್ನಾಯು ಅದು, ಅರ್ಧ ಬಲ ಹೋದರೂ ನಿಮ್ಮ ಕೈಯನ್ನು ಸೋಲಿಸುತ್ತದೆ. ಗೋಡೆಗೆ ಎರಡು ಬೆರಳು ತಾಗಿಸಿ, ಒಂದೇ ಕಾಲಲ್ಲಿ ನಿಂತು, ಮಂಡಿ ನೆಟ್ಟಗಿಟ್ಟು ಹಿಮ್ಮಡಿ ಎತ್ತಿಸಿ. ಆರೋಗ್ಯವಂತ ಯುವಕರು ಇಪ್ಪತ್ತಕ್ಕೂ ಮೇಲೆ ಎತ್ತುತ್ತಾರೆ. ಎಣಿಸಿ, ಎರಡೂ ಕಾಲಿನ ಲೆಕ್ಕ ಬರೆಯಿರಿ. ಮೈ ಮುಂದಕ್ಕೆ ವಾಲಿಸುವುದು, ಮಂಡಿ ಮಡಚಿ ಚಿಮ್ಮುವುದು ಲೆಕ್ಕಕ್ಕಿಲ್ಲ.

ಒಳಪದರದ ಟಿಬಿಯಾಲಿಸ್ ಪೋಸ್ಟೀರಿಯರ್ ಪರೀಕ್ಷೆಯಲ್ಲಿ ಎಡವುವವರೇ ಹೆಚ್ಚು. ಪಾದವನ್ನು ಒಳಕ್ಕೆ ತಿರುಗಿಸುವ ಕೆಲಸವನ್ನು ಟಿಬಿಯಾಲಿಸ್ ಆಂಟೀರಿಯರ್ ಕೂಡ ಮಾಡುತ್ತದೆ. ಹಾಗಾಗಿ ಮೊದಲು ಪಾದವನ್ನು ಪೂರ್ತಿ ಕೆಳಕ್ಕೆ ಚಾಚಿಸಿ, ಆ ಸ್ಥಿತಿಯಲ್ಲೇ ಒಳಕ್ಕೆ ತಿರುಗಿಸಲು ಹೇಳಿ, ಒಳ ಅಂಚಿನಿಂದ ಹೊರಕ್ಕೆ ತಳ್ಳಿ. ಪಾದ ಪೂರ್ತಿ ಜೋತವರಲ್ಲಿ ನಾವೇ ಕೈಯಿಂದ ಪಾದವನ್ನು ನಡುಸ್ಥಿತಿಗೆ ಎತ್ತಿ ಹಿಡಿದು ನೋಡಬೇಕು. ಜೋತ ಪಾದದಲ್ಲಿ ಈ ಸ್ನಾಯು ನಿಜಕ್ಕಿಂತ ಸೋತಂತೆ ತೋರುತ್ತದೆ. ಈ ಒಂದು ಪರೀಕ್ಷೆ ಏಕೆ ಅಷ್ಟು ಮುಖ್ಯ ಎಂಬುದು ಮುಂದೆ ಬರುತ್ತದೆ.

ಹಿಮ್ಮಡಿಯ ಹುರಿ ಹರಿದವರು ಸುಲಭವಾಗಿ ನಮ್ಮ ಕಣ್ಣು ತಪ್ಪುತ್ತಾರೆ. ‘ಯಾರೋ ಹಿಂದಿನಿಂದ ಒದ್ದ ಹಾಗಾಯ್ತು, ಟಪ್ ಅಂತು’ ಎನ್ನುತ್ತಾರೆ. ಮಲಗಿಸಿ ಪಾದ ಕೆಳಗೆ ಚಾಚಿ ಎಂದರೆ ಚಾಚುತ್ತಾರೆ, ಏಕೆಂದರೆ ಒಳಪದರದ ಸ್ನಾಯುಗಳು ಆ ಕೆಲಸ ನಿಭಾಯಿಸುತ್ತವೆ. ಬೋರಲು ಮಲಗಿಸಿ, ಪಾದಗಳು ಮಂಚದ ಅಂಚಿನಾಚೆ ಇಳಿದಿರಲಿ, ಮೀನಖಂಡವನ್ನು ಅಂಗೈಯಿಂದ ಹಿಂಡಿ. ಸರಿಯಿದ್ದ ಕಾಲಿನಲ್ಲಿ ಪಾದ ಕೆಳಕ್ಕೆ ಕುಣಿಯುತ್ತದೆ, ಹುರಿ ಹರಿದಿದ್ದರೆ ಅಲುಗುವುದಿಲ್ಲ. ಹುರಿ ಎಲುಬಿಗೆ ಕೂಡುವ ಜಾಗದಿಂದ 2ರಿಂದ 6 ಸೆಂ.ಮೀ. ಮೇಲೆ ಬೆರಳಿಗೆ ಹಳ್ಳ ಸಿಗುತ್ತದೆ.

ನರಗಳು: ಫಿಬುಲಾ ಎಲುಬಿನ ಕತ್ತಿನಲ್ಲಿ ನಿಲ್ಲಿ

ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ ಸಿಗುವ ಉರುಟು ಎಲುಬು ಫಿಬುಲಾದ (ಕಣಕಾಲಿನ ಹೊರಬದಿಯ ತೆಳು ಎಲುಬಿನ) ತಲೆ. ಅದರ ತುಸು ಕೆಳಗೆ, ಎಲುಬಿನ ಕತ್ತನ್ನು ಹಿಂದಿನಿಂದ ಮುಂದಕ್ಕೆ ಬಳಸಿ ಕಾಮನ್ ಪೆರೋನಿಯಲ್ ನರ ಹಾಯುತ್ತದೆ. ಮೇಲೆ ಚರ್ಮ, ಕೆಳಗೆ ಎಲುಬು, ನಡುವೆ ರಕ್ಷಣೆಗೆ ಹೆಚ್ಚೇನೂ ಇಲ್ಲ. ರೋಗಿಯನ್ನು ಮಂಡಿ ಮಡಚಿ ಕೂರಿಸಿ, ಎದುರು ಕೂತು, ಎರಡು ಬೆರಳ ತುದಿಯಿಂದ ನರವನ್ನು ಎಲುಬಿನ ಮೇಲೆ ಮೆಲ್ಲಗೆ ಉರುಳಿಸಿ. ಆಗ ಕಣ್ಣು ರೋಗಿಯ ಮುಖದ ಮೇಲಿರಲಿ, ನೋವನ್ನು ಬಾಯಿಗಿಂತ ಮುಖ ಮೊದಲು ಹೇಳುತ್ತದೆ. ನರ ಇನ್ನೊಂದು ಕಡೆಗಿಂತ ದಪ್ಪವಾಗಿ ಹಗ್ಗದಂತೆ ಸಿಕ್ಕಿದರೆ ಕುಷ್ಠವನ್ನು ನೆನೆದು ಮೈಮೇಲೆ ಸ್ಪರ್ಶವಿಲ್ಲದ ಮಚ್ಚೆ ಹುಡುಕಿ. ಒಳಹರಡಿನ ಹಿಂದೆ ಪೋಸ್ಟೀರಿಯರ್ ಟಿಬಿಯಲ್ ನರವನ್ನೂ ಮುಟ್ಟಿ ನೋಡಿ.

ಇದೇ ಜಾಗದಲ್ಲಿ ನರ ಅದುಮಿಕೊಂಡು ಪಾದ ಜೋಲುವುದು ನಮ್ಮ ಕಡೆ ಅಪರೂಪವಲ್ಲ. ಸುಗ್ಗಿಯಲ್ಲಿ ರಾತ್ರಿಯೆಲ್ಲ ಚಕ್ಕಂಬಕ್ಕಲ ಹಾಕಿಯೋ ಕಾಲು ಮಡಚಿಯೋ ಕೂತು ಅಡಿಕೆ ಸುಲಿಯುವವರು, ಕುಕ್ಕರಗಾಲಲ್ಲಿ ಗಂಟೆಗಟ್ಟಲೆ ಕಳೆ ಕೀಳುವವರು, ಅದರಲ್ಲೂ ಇತ್ತೀಚೆಗೆ ತೂಕ ಇಳಿದವರು, ಸಕ್ಕರೆ ಕಾಯಿಲೆಯವರು ಇದಕ್ಕೆ ಬೇಗ ಸಿಕ್ಕುತ್ತಾರೆ. ಬಿಗಿಯಾದ ಪ್ಲಾಸ್ಟರ್, ಬಿದಿರು ದಬ್ಬೆಯ ನಾಟಿ ಕಟ್ಟು ಕೂಡ ಇಲ್ಲೇ ಒತ್ತುತ್ತವೆ.

ಪಾದ ಜೋತಾಗ ತಪ್ಪು ಎಲ್ಲಿದೆ ಎಂದು ಹೀಗೆ ಹುಡುಕಿ. ಪಾದ, ಹೆಬ್ಬೆರಳು ಏಳುವುದಿಲ್ಲ, ಹೊರಕ್ಕೆ ತಿರುಗುವುದಿಲ್ಲ, ಆದರೆ ಒಳಕ್ಕೆ ತಿರುಗಿಸುವ ಬಲ ಪೂರ್ತಿ ಇದೆ, ಹಿಮ್ಮಡಿಯ ರಿಫ್ಲೆಕ್ಸ್ ಇದೆ ಎಂದರೆ ತೊಂದರೆ ಫಿಬುಲಾ ಕತ್ತಿನಲ್ಲಿ. ಒಳಕ್ಕೆ ತಿರುಗಿಸುವ ಬಲವೂ ಸೋತಿದ್ದು, ಮಗ್ಗುಲಾಗಿ ಮಲಗಿ ತೊಡೆ ಮೇಲೆತ್ತುವ ಬಲವೂ ತಗ್ಗಿದ್ದರೆ ಎಲ್5 ಬೇರು, ಅಂದರೆ ತೊಂದರೆ ಸೊಂಟದ ಬೆನ್ನುಮೂಳೆಯಲ್ಲಿ. ಟಿಬಿಯಾಲಿಸ್ ಪೋಸ್ಟೀರಿಯರ್‌ಗೆ ಎಲ್5ರ ಪಾಲಿದ್ದರೂ ಅದು ಬರುವುದು ಟಿಬಿಯಲ್ ನರದ ದಾರಿಯಲ್ಲಿ, ಅದಕ್ಕೇ ಈ ಭೇದ. ಮಂಡಿ ಮಡಚುವ ಬಲವೂ ಕುಗ್ಗಿ, ಅಂಗಾಲೂ ಮರಗಟ್ಟಿ, ಹಿಮ್ಮಡಿಯ ರಿಫ್ಲೆಕ್ಸ್ ಹೋಗಿದ್ದರೆ ಪೃಷ್ಠದಿಂದ ತೊಡೆಯ ಹಿಂದೆ ಇಳಿಯುವ ಸಯಾಟಿಕ್ ನರ. ಆಗ ಪೃಷ್ಠಕ್ಕೆ ಇಂಜೆಕ್ಷನ್ ಚುಚ್ಚಿಸಿಕೊಂಡದ್ದುಂಟೇ, ಚುಚ್ಚಿದ ಕೂಡಲೇ ಕಾಲಿಗೆ ಮಿಂಚು ಹೊಡೆದಂತಾಯಿತೇ ಎಂದು ಕೇಳಿ. ರಿಫ್ಲೆಕ್ಸ್ ಜೋರಾಗಿದ್ದು, ಅಂಗಾಲು ಗೀರಿದಾಗ ಹೆಬ್ಬೆರಳು ಮೇಲೆದ್ದರೆ ಕಾಲು ಬಿಟ್ಟು ಮಿದುಳು, ಬೆನ್ನುಹುರಿಯ ಕಡೆ ಹೋಗಿ.

ಸ್ಪರ್ಶಕ್ಕೆ ನಾಲ್ಕೈದು ಜಾಗ ನೆನಪಿಟ್ಟರೆ ಸಾಕು. ಹೆಬ್ಬೆರಳು ಮತ್ತು ಎರಡನೆಯ ಬೆರಳ ನಡುವಿನ ಸಂದು ಡೀಪ್ ಪೆರೋನಿಯಲ್‌ನದು. ಪಾದದ ಮೇಲ್ಮೈಯ ಉಳಿದ ಬಹುಭಾಗ ಸೂಪರ್‌ಫಿಷಿಯಲ್ ಪೆರೋನಿಯಲ್, ಪಾದದ ಹೊರ ಅಂಚು ಸೂರಲ್, ಅಂಗಾಲು ಟಿಬಿಯಲ್, ಕಾಲಿನ ಒಳಮೈ ಸಫೀನಸ್ ನರ. ಈ ಕೊನೆಯದು ತೊಡೆಯ ಫೀಮೊರಲ್ ನರದ ಕೊಂಬೆ. ಕಣ್ಣು ಮುಚ್ಚಿಸಿ, ಮೊದಲು ಮುಂಗೈಗೆ ಮುಟ್ಟಿಸಿ ‘ಹಿಂಗೆ ಗೊತ್ತಾದ್ರೆ ಹ್ಞೂಂ ಅನ್ನಿ’ ಎಂದು ಕಲಿಸಿ. ಮೋನೋಫಿಲಮೆಂಟನ್ನು ನೇರವಾಗಿ ಒತ್ತಿ, ಅದು ಬಾಗಿದ ಮೇಲೆ ಒಂದೆರಡು ಸೆಕೆಂಡು ಹಿಡಿದು ತೆಗೆಯಿರಿ. ಹೆಬ್ಬೆರಳ ಕೆಳಮೈ, ಮೊದಲ, ಮೂರನೆಯ, ಐದನೆಯ ಬೆರಳ ಬುಡದ ಉಬ್ಬು, ಇಷ್ಟು ಸಾಕು. ಬರಿಗಾಲಲ್ಲಿ ತೋಟ ತಿರುಗುವವರ ಅಂಗಾಲು ಗೊರಸಿನಂತಿರುತ್ತದೆ. ಆ ಗಟ್ಟಿ ಚರ್ಮದ ಮೇಲೆ ಒತ್ತಿ ‘ಸ್ಪರ್ಶವಿಲ್ಲ’ ಎಂದು ಬರೆಯಬಾರದು, ಅದರ ಅಂಚಿನಲ್ಲಿ ಒತ್ತಿ. ‘ಉಂಬಳ ಕಚ್ಚಿದ್ದು ಗೊತ್ತಾಗಲಿಲ್ಲ’ (ಉಂಬಳ ಎಂದರೆ ಜಿಗಣೆ) ಎಂಬುದನ್ನೂ ನರದ ದೋಷಕ್ಕೆ ಹಚ್ಚಬೇಡಿ, ಉಂಬಳದ ಕಡಿತ ಯಾರಿಗೂ ಸುಲಭಕ್ಕೆ ತಿಳಿಯುವುದಿಲ್ಲ.

ಹಿಮ್ಮಡಿಯ ರಿಫ್ಲೆಕ್ಸ್ (ಎಸ್1) ಸಿಗದಿದ್ದರೆ ಕುರ್ಚಿಯ ಮೇಲೆ ಮೊಣಕಾಲೂರಿಸಿ, ಪಾದ ಹೊರಗೆ ಇಳಿಬಿಟ್ಟು ಹೊಡೆಯಿರಿ. ಹೊಡೆಯುವ ಕ್ಷಣಕ್ಕೆ ಸರಿಯಾಗಿ ಎರಡೂ ಕೈಬೆರಳು ಕೊಕ್ಕೆ ಹಾಕಿ ಎಳೆಯಲು ಹೇಳಿ. ವಯಸ್ಸಾದವರಲ್ಲಿ ಎರಡೂ ಕಡೆ ಇಲ್ಲದಿರಬಹುದು. ಒಂದೇ ಕಡೆ ಹೋಗಿದ್ದರೆ ಅದಕ್ಕೆ ಅರ್ಥವಿದೆ.

ರಕ್ತನಾಳ: ನಾಡಿ ಸಿಗುವ ಜಾಗ

ಪಾದದ ಮೇಲಿನ ನಾಡಿ, ಡಾರ್ಸಾಲಿಸ್ ಪೆಡಿಸ್: ಹೆಬ್ಬೆರಳು ಎತ್ತಿಸಿದಾಗ ಏಳುವ ಹುರಿಯ ಹೊರಬದಿಗೆ, ಪಾದದ ನಡುಭಾಗದಲ್ಲಿ ಮೂರು ಬೆರಳು ಹಗುರಾಗಿ ಇಡಿ. ಅದುಮಿದರೆ ನಾಡಿ ನಿಂತುಹೋಗುತ್ತದೆ, ಇಲ್ಲವೇ ನಿಮ್ಮದೇ ಬೆರಳ ನಾಡಿ ಬಡಿಯುತ್ತದೆ. ಸಂಶಯವಾದರೆ ನಿಮ್ಮ ಕೈನಾಡಿಯ ಜೊತೆ ಹೋಲಿಸಿ. ಪೂರ್ತಿ ಆರೋಗ್ಯವಂತರಲ್ಲೂ ಕೆಲವರಿಗೆ ಈ ನಾಡಿ ಸಿಗುವುದಿಲ್ಲ. ಆದ್ದರಿಂದ ಒಳಹರಡು ಮತ್ತು ಹಿಮ್ಮಡಿಯ ಹುರಿಯ ನಡುವಿನ ಪೋಸ್ಟೀರಿಯರ್ ಟಿಬಿಯಲ್ ನಾಡಿಗೆ ತೂಕ ಹೆಚ್ಚು. ಮಂಡಿಯ ಹಿಂದಿನ ನಾಡಿಗೆ ಮಂಡಿ ತುಸು ಮಡಚಿ, ಎರಡೂ ಹೆಬ್ಬೆರಳು ಮುಂದೆ ಊರಿ, ಉಳಿದ ಬೆರಳುಗಳನ್ನು ಹಿಂದೆ ಆಳಕ್ಕೆ ಒತ್ತಬೇಕು. ಅದು ಬಲು ಸುಲಭವಾಗಿ, ಅಗಲವಾಗಿ ಸಿಕ್ಕಿದರೆ ನಾಳ ಊದಿರಬಹುದು ಎಂಬ ಎಚ್ಚರ ಇರಲಿ.

ಕಾಲನ್ನು 45 ಡಿಗ್ರಿ ಎತ್ತಿ ಒಂದೆರಡು ನಿಮಿಷ ಹಿಡಿಯಿರಿ. ಪಾದ ಬಿಳಿಚಿ, ಇಳಿಬಿಟ್ಟಾಗ ಕಡುಗೆಂಪಾದರೆ ರಕ್ತದ ಹರಿವು ಕುಗ್ಗಿದೆ. ಡಾಪ್ಲರ್ ಇದ್ದರೆ ಹರಡಿನ ಮೇಲೆ ಬಿ.ಪಿ. ಪಟ್ಟಿ ಕಟ್ಟಿ, ಎರಡು ಪಾದನಾಡಿಗಳಲ್ಲಿ ಹೆಚ್ಚಿನ ಒತ್ತಡವನ್ನು ಎರಡು ತೋಳುಗಳಲ್ಲಿ ಹೆಚ್ಚಿನದರಿಂದ ಭಾಗಿಸಿ. ತೋಳಿನಲ್ಲಿ 140, ಹರಡಿನಲ್ಲಿ 98 ಬಂದರೆ 0.70. 0.90 ಅಥವಾ ಅದಕ್ಕೂ ಕಡಿಮೆಯಾದರೆ ಅಪಧಮನಿ ಕಿರಿದಾಗಿದೆ. 1.40ರ ಮೇಲೆ ಬಂದರೆ ಸಂತೋಷಪಡಬೇಡಿ. ಸಕ್ಕರೆ ಕಾಯಿಲೆಯಲ್ಲಿ ನಾಳ ಸುಣ್ಣಗಟ್ಟಿ ಪಟ್ಟಿಗೆ ಬಗ್ಗದೆ ಬಂದ ಹುಸಿ ಅಂಕಿ ಅದು.

ನಡೆದಾಗ ಬರುವ ಮೀನಖಂಡದ ನೋವನ್ನು ಬೇರ್ಪಡಿಸಲು ನಮ್ಮ ಏರು-ಇಳಿಜಾರಿನ ದಾರಿಯೇ ಸಹಾಯಕ್ಕಿದೆ. ದಿಬ್ಬ ಹತ್ತುವಾಗ ನೋವು ಹಿಡಿದು, ನಿಂತ ಕೂಡಲೇ ಒಂದೆರಡು ನಿಮಿಷದಲ್ಲಿ ಬಿಟ್ಟರೆ ಅಪಧಮನಿ. ಇಳಿಯುವಾಗಲೇ ಹೆಚ್ಚು, ಬರೀ ನಿಂತರೆ ಬಿಡುವುದಿಲ್ಲ, ಕಟ್ಟೆ ಮೇಲೆ ಬಾಗಿ ಕೂತರೆ ಬಿಡುತ್ತದೆ ಎಂದರೆ ಬೆನ್ನುಮೂಳೆಯೊಳಗೆ ನರ ಇರುಕಿಕೊಂಡಿದೆ. ‘ತೋಟಕ್ಕೆ ಇಳಿವಾಗ ಜಾಸ್ತಿಯಾ, ಹತ್ತುವಾಗ ಜಾಸ್ತಿಯಾ?’ ಎಂದು ಕೇಳಿ.

ತಡ ಮಾಡಬಾರದ ಕಾಲು

ಮರದಿಂದ ಬಿದ್ದು, ಬೈಕ್ ಉರುಳಿ ಕಾಲೆಲುಬು ಮುರಿದವರಲ್ಲಿ ಸ್ನಾಯುವಿನ ಕೋಣೆಯೊಳಗೆ ಒತ್ತಡ ಏರಬಹುದು. ಗಾಯಕ್ಕೆ ಮೀರಿದ ನೋವು, ಮದ್ದಿಗೂ ಬಗ್ಗದ ನೋವು ಮೊದಲ ಸೂಚನೆ. ಹೆಬ್ಬೆರಳನ್ನು ನೀವೇ ಮೆಲ್ಲಗೆ ಕೆಳಕ್ಕೆ ಬಗ್ಗಿಸಿ. ಕಾಲಿನ ಮುಂಭಾಗದಲ್ಲಿ ಕಿರುಚುವಷ್ಟು ನೋವಾದರೆ, ಮೊದಲ ಬೆರಳಸಂದು ಮರಗಟ್ಟಿದ್ದರೆ, ಮುಂದಿನ ಕೋಣೆಯ ಪ್ರಾಣ ಹೋಗುತ್ತಿದೆ. ಆಗಲೂ ಪಾದದ ನಾಡಿ ಚೆನ್ನಾಗಿಯೇ ಬಡಿಯುತ್ತಿರಬಹುದು. ನಾಡಿ ಇದೆ ಎಂದು ಕಾಯುವುದೇ ಇಲ್ಲಿ ಆಗುವ ದೊಡ್ಡ ತಪ್ಪು, ಅದು ಹೋಗುವುದು ಕಡೆಗೆ. ಆರು ಗಂಟೆ ದಾಟಿದರೆ ಸ್ನಾಯು ಮರಳಿ ಬಾರದಂತೆ ಸಾಯತೊಡಗುತ್ತದೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೇ ಸುಮಾರು 60 ಕಿ.ಮೀ., ಒಳಹಳ್ಳಿಯಿಂದ ಜೀಪು ಸಿಗುವ ಹೊತ್ತನ್ನೂ ಸೇರಿಸಿ ಲೆಕ್ಕ ಹಾಕಿ. ಕಟ್ಟು, ಪ್ಲಾಸ್ಟರ್ ಎಲ್ಲವನ್ನೂ ಚರ್ಮ ಕಾಣುವವರೆಗೆ ಸೀಳಿ, ಕಾಲನ್ನು ಎದೆಯ ಮಟ್ಟಕ್ಕಿಟ್ಟು, ಶಸ್ತ್ರಚಿಕಿತ್ಸೆ ಇರುವ, ಶಿವಮೊಗ್ಗದ ಮೆಗ್ಗಾನ್‌ನಂಥ ಆಸ್ಪತ್ರೆಗೆ ಫೋನ್ ಮಾಡಿ ಕಳಿಸಿ.

ಹಾವು ಕಚ್ಚಿದ ಕಾಲೂ ಹೀಗೇ ಬಿಗಿದು ಊದುತ್ತದೆ. ಅಲ್ಲಿ ಕೋಣೆ ಕೊಯ್ದು ಒತ್ತಡ ಇಳಿಸುವ ಅವಸರ ಬೇಡ, ಮಂಡಲದ ಹಾವಿನ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡಿರುತ್ತದೆ. ಬಿಗಿದ ಹಗ್ಗವಿದ್ದರೆ ಪ್ರತಿವಿಷ ಕೈಯಲ್ಲಿಟ್ಟುಕೊಂಡೇ ಬಿಚ್ಚಿ. ಊತದ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆಯಿರಿ. ಒಣಗಿದ ಶುಚಿ ಗಾಜಿನ ನಳಿಕೆಯಲ್ಲಿ ಎರಡು ಮಿ.ಲೀ. ರಕ್ತವನ್ನು 20 ನಿಮಿಷ ಅಲುಗದಂತೆ ಇಟ್ಟು, ಹೆಪ್ಪುಗಟ್ಟಿತೇ ನೋಡಿ.

ಇದ್ದಕ್ಕಿದ್ದಂತೆ ಕಾಲು ತಣ್ಣಗಾಗಿ, ಬಿಳಿಚಿ, ನಾಡಿ ನಿಂತು, ಬೆರಳು ಅಲುಗದಿದ್ದರೆ ಅಪಧಮನಿ ಕಟ್ಟಿದೆ. ಅದಕ್ಕೂ ಇದೇ ಗಂಟೆಗಳ ಲೆಕ್ಕ. ಕಾಲಿನ ಬಲಹೀನತೆಯ ಜೊತೆ ಮೂತ್ರ ಕಟ್ಟಿದ್ದರೆ, ಗುದದ ಸುತ್ತ ಜೋಮು ಇದ್ದರೆ ಅದೇ ದಿನ ಎಂ.ಆರ್.ಐ. ಇರುವಲ್ಲಿಗೆ ಕಳಿಸಿ.

ಚೀಟಿಯಲ್ಲಿ ಬರೆಯುವುದು

‘ನರ ದೌರ್ಬಲ್ಯ, ಬಿ ಕಾಂಪ್ಲೆಕ್ಸ್’ ಎಂದು ಬರೆದು ಕಳಿಸಿದರೆ ಮುಂದಿನ ವೈದ್ಯರು ಮೊದಲಿನಿಂದ ಶುರುಮಾಡಬೇಕು. ಹೀಗೆ ಬರೆಯಿರಿ: ‘ಬಲಗಾಲು. 9 ದಿನದಿಂದ ಪಾದ ಜೋಲು, ಅಡಿಕೆ ಸುಲಿತದ ನಂತರ. ಮೀನಖಂಡದ ಸುತ್ತಳತೆ ಬಲಗಾಲು 32.5, ಎಡಗಾಲು 33 ಸೆಂ.ಮೀ. ಪಾದ ಎತ್ತುವುದು 2, ಹೆಬ್ಬೆರಳು 1, ಹೊರಕ್ಕೆ 2, ಒಳಕ್ಕೆ 5, ಹಿಮ್ಮಡಿ ಎತ್ತುವುದು ಎರಡೂ 15 ಸಲ. ತೊಡೆ ಮಗ್ಗುಲಿಗೆ 5. ಮೊದಲ ಬೆರಳಸಂದು, ಪಾದದ ಮೇಲ್ಮೈ ಮರಗಟ್ಟಿದೆ, ಅಂಗಾಲು ಸರಿ. ಹಿಮ್ಮಡಿ ರಿಫ್ಲೆಕ್ಸ್ ಸರಿ. ಎರಡೂ ಪಾದದ ನಾಡಿ ನಾಲ್ಕೂ ಇವೆ. ಫಿಬುಲಾ ಕತ್ತಿನಲ್ಲಿ ತಟ್ಟಿದರೆ ಪಾದಕ್ಕೆ ಮಿಂಚು.’ ಇದನ್ನು ಓದಿದವರಿಗೆ ಜಾಗ ಯಾವುದು ಎಂದು ಕಾಲು ಮುಟ್ಟುವ ಮೊದಲೇ ತಿಳಿಯುತ್ತದೆ.

ಇಂಥವರಿಗೆ ವಿದ್ಯುತ್ತಿನಿಂದ ಮಾಡುವ ನರ ಪರೀಕ್ಷೆ, ಇ.ಎಂ.ಜಿ. (ಸ್ನಾಯುವಿನ ವಿದ್ಯುತ್ ಪರೀಕ್ಷೆ) ಮೂರು ವಾರ ತುಂಬಿದ ಮೇಲೆ ಮಾಡಿಸಿದರೆ ಹೆಚ್ಚು ತಿಳಿಯುತ್ತದೆ. ಅಲ್ಲಿಯವರೆಗೆ ಪಾದ ಎತ್ತಿ ಹಿಡಿಯುವ ಸ್ಪ್ಲಿಂಟ್ ಕೊಡಿ. ದಿನಕ್ಕೆ ಮೂರು ಹೊತ್ತು ಪಾದವನ್ನು ಕೈಯಿಂದ ಮೇಲಕ್ಕೆ ಬಗ್ಗಿಸಿ ಹಿಮ್ಮಡಿಯ ಹುರಿ ಗಿಡ್ಡವಾಗದಂತೆ ನೋಡಿಕೊಳ್ಳಲು ಮನೆಯವರಿಗೆ ಕಲಿಸಿ. ಕುಕ್ಕರಗಾಲು, ಚಕ್ಕಂಬಕ್ಕಲ ಸದ್ಯಕ್ಕೆ ಬಿಡಿಸಿ, ಸುಲಿಯಲೇಬೇಕಾದರೆ ಎತ್ತರದ ಸ್ಟೂಲಿನ ಮೇಲೆ ಕೂರಲಿ. ಮೂರು ವಾರಕ್ಕೆ ಮರಳಿ ಬಂದಾಗ ಅದೇ ಗುರುತಿನಲ್ಲಿ ಅಳೆದು, ಅದೇ ಕ್ರಮದಲ್ಲಿ ಅಂಕಿ ಬರೆದು, ಹಳೆಯ ಚೀಟಿಯ ಪಕ್ಕದಲ್ಲಿಟ್ಟು ನೋಡಿ. ಹೆಬ್ಬೆರಳ 1 ಎಂಬುದು 2 ಆಗಿದ್ದರೂ ನರ ಮರಳುತ್ತಿದೆ. ಮೂರು ತಿಂಗಳಾದರೂ ಅಂಕಿ ಕದಲದಿದ್ದರೆ ನರದ ಶಸ್ತ್ರಚಿಕಿತ್ಸಕರಿಗೆ ತೋರಿಸಿ.